ಗಾಡಿಯ ಮೈಕು ಸಾಫ್ ಮಾಡಿದ್ದು

ಅಣ್ಣಿಗೇರಿ ಸುತ್ತಲಿನ ಹಳ್ಳಿಗಳಲ್ಲಿ ಮೋಟರ್ ಸೈಕಲ್ ಮೇಲೆ ತಿರುಗಿ ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುವುದು ನನ್ನ ಕೆಲಸ. ಮೊದಲು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಇದನ್ನೇ ಮಾಡುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ಟೂಲಿನ ಮೇಲೆ ಕೂಡುವುದು ನನ್ನಿಂದ ಆಗಲಿಲ್ಲ. ಗಾಡಿಗೆ ಎರಡೂ ಬದಿ ಪೆಟ್ಟಿಗೆ ಕಟ್ಟಿಸಿ, ಹ್ಯಾಂಡಲ್ ಮುಂದೆ ಸಣ್ಣದೊಂದು ಮೈಕು ಕೂರಿಸಿದೆ. ಮೊಬೈಲಿನಲ್ಲಿ ನನ್ನದೇ ದನಿಯಲ್ಲಿ ಕೂಗು ತುಂಬಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊರಟೆ.

ಆ ಮೈಕು ಸರಿಯಿಲ್ಲ ಎಂದು ನನಗೆ ಗೊತ್ತಾದದ್ದು ಶಲವಡಿಯಲ್ಲಿ. ಮಧ್ಯಾಹ್ನದ ಹೊತ್ತು, ಒಂದು ಓಣಿಯೊಳಗೆ ನಿಧಾನವಾಗಿ ಹೋಗುತ್ತಿದ್ದೆ. ವಯಸ್ಸಾದ ಹೆಂಗಸೊಬ್ಬಳು ಒಳಗಿನಿಂದ ಗಾಬರಿಯಲ್ಲಿ ಓಡಿ ಬಂದು ನನ್ನ ಹ್ಯಾಂಡಲ್ ಹಿಡಿದಳು. ಕೈಗೆ ಹಿಟ್ಟು ಮೆತ್ತಿತ್ತು.

"ಯಾರು ಹೋದ್ರೋ ತಮ್ಮಾ? ಸರಿಯಾಗಿ ಹೇಳು."

"ಯಾರೂ ಹೋಗಿಲ್ಲಬೇ ಅಮ್ಮಾ. ಒಲಿ ರಿಪೇರಿ."

ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ಅವಳ ಅಕ್ಕ ಎಂಟು ದಿನದಿಂದ ಗದಗಿನ ಆಸ್ಪತ್ರೆಯಲ್ಲಿದ್ದಳಂತೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಆಟೊಕ್ಕೆ ಮೈಕು ಕಟ್ಟಿ ಓಣಿ ಓಣಿ ಸುದ್ದಿ ಸಾರುತ್ತಾರೆ. ನನ್ನ ಗಾಡಿಯಿಂದ ಬರುತ್ತಿದ್ದ ಗೊರ ಗೊರ ಸದ್ದು ಅವಳಿಗೆ ಹಾಗೆ ಕೇಳಿಸಿತ್ತು. "ಏನ ಒದರ್ತೀಯೋ, ಒಂದಕ್ಷರ ತಿಳಿಯಂಗಿಲ್ಲ," ಎಂದು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆ ದಿನ ಉಳಿದ ಓಣಿಗಳಿಗೆ ಹೋಗಲಿಲ್ಲ. ಮೈಕು ಬಂದ್ ಮಾಡಿ ಮನೆಗೆ ಬಂದೆ.

ಅಂದಿನಿಂದ ನನಗೆ ಸಮಾಧಾನವೇ ಇಲ್ಲದಂತಾಯಿತು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದು ಗಾಡಿಯ ಹತ್ತಿರ ಹೋಗುತ್ತಿದ್ದೆ. ಎಂಜಿನ್ ಜೋರು ಮಾಡಿದಷ್ಟೂ ಮೈಕಿನಲ್ಲಿ ಕೀಂಯ್ ಎಂಬ ಸದ್ದೂ ಏರುತ್ತಿತ್ತು. ಹೆಡ್‌ಲೈಟಿನ ವೈರಿನಿಂದ ಕರೆಂಟು ತೆಗೆದುಕೊಂಡಿದ್ದೇ ತಪ್ಪು ಎಂದು, ಬ್ಯಾಟರಿಯಿಂದಲೇ ನೇರವಾಗಿ ಬೇರೆ ವೈರು ಎಳೆದೆ. ಕೀಂಯ್ ನಿಂತಿತು, ಗೊರ ಗೊರ ನಿಲ್ಲಲಿಲ್ಲ. ಮೈಕು ಹಿಡಿದ ಪಟ್ಟಿ ನಡುಗುತ್ತಿದೆ ಎನ್ನಿಸಿ ಹಳೆಯ ಟ್ಯೂಬು ಕತ್ತರಿಸಿ ಕೆಳಗೆ ಕೊಟ್ಟೆ. ನವಲಗುಂದದ ದಾರಿಯಲ್ಲಿ ಎರೆ ಹೊಲದ ಗಾಳಿ ಎದುರಿಗೆ ಬಡಿದು ದನಿಯನ್ನು ಒಯ್ಯುತ್ತದೆ ಎಂದು ಮೈಕಿನ ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆ. ಮರುದಿನ ಅದು ನನ್ನ ಕಿವಿಗೇ ಬಡಿಯತೊಡಗಿತು. ಬಾಜೂಕ್ಕೆ ತಿರುಗಿಸಿದೆ. ಒಂದು ಬದಿಯ ಮನೆಗಳಿಗೆ ಕೇಳಿದರೆ ಇನ್ನೊಂದು ಬದಿಗೆ ಕೇಳಲಿಲ್ಲ.

ಕಡೆಗೆ ಹುಬ್ಬಳ್ಳಿಗೆ ಹೋಗಿ, ಮೈಕು ಮಾರಿದ ಅಂಗಡಿಯ ಕಾಕಾನ ಮುಂದೆ ನಿಂತೆ. ಅವನು ಪಾನು ಅಗಿಯುತ್ತ ಒಮ್ಮೆ ಕೇಳಿದ. ಸ್ವಿಚ್ಚುಗಳ ಹತ್ತಿರ ಬಗ್ಗಿ ನೋಡಿದ.

"ಎಲ್ಲಾ ಫುಲ್ ಇಟ್ಟೀಯಲ್ಲೋ. ಪೆನ್‌ಡ್ರೈವ್‌ದೂ ಫುಲ್, ಮಷೀನ್‌ದೂ ಫುಲ್. ಆವಾಜ್ ಒಡದ ಹೋಗಿ ಬರಾಕತ್ತೈತಿ. ಕಮ್ಮಿ ಮಾಡು, ಸಾಫ್ ಆಗ್ತೈತಿ."

"ಕಮ್ಮಿ ಮಾಡಿದ್ರ ಕೇಳೂದು ಹ್ಯಾಂಗ್ರಿ ಕಾಕಾ?"

"ದೊಡ್ಡ ಆವಾಜ್ ಬ್ಯಾರೆ, ತಿಳಿಯೂ ಆವಾಜ್ ಬ್ಯಾರೆ."

ಪೆನ್‌ಡ್ರೈವಿನ ದನಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಕೊಟ್ಟ. ನಿಜವಾಗಿಯೂ ಸ್ವಲ್ಪ ತಿಳಿಯಾಯಿತು. ಆದರೆ ತಿಳಿಯಾದಂತೆ ಇನ್ನೊಂದು ಬಯಲಾಯಿತು: ನಾನು ರೆಕಾರ್ಡ್ ಮಾಡುವಾಗ ಮೇಲೆ ಫ್ಯಾನು ತಿರುಗುತ್ತಿತ್ತು, ಪತ್ರಾಸಿನ ತಗಡು ಹೊದಿಸಿದ ಕೋಣೆ ಗುಂಯ್‌ಗುಡುತ್ತಿತ್ತು, ನಾನು ಗಂಟಲು ಹರಿಯುವಂತೆ ಒದರುತ್ತಿದ್ದೆ. ಅದೆಲ್ಲ ಈಗ ಚೊಕ್ಕವಾಗಿ ಕೇಳಿಸತೊಡಗಿತು.

ಕೂಗನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿದೆ. ಅಂಗಳದಲ್ಲಿ ಮಾಡಿದರೆ ನಾಯಿ, ಟ್ರ್ಯಾಕ್ಟರು. ಹೊಲದಲ್ಲಿ ಮಾಡಿದರೆ ಗಾಳಿ. ನಾಲ್ಕು ದಿನ ಕೆಲಸಕ್ಕೇ ಹೋಗಲಿಲ್ಲ. ನನ್ನ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಚಹಾದ ಕಪ್ಪು ಕೈಗಿಟ್ಟು ಹೇಳಿದಳು.

"ನಿಮ್ಮ ಮೈಕ್ ಈಗ ಸರಿ ಐತ್ರಿ. ನಿಮ್ಮ ಮಾತಽ ಸರಿ ಇಲ್ಲ."

"ಅಂದ್ರ?"

"ಆದರಣೀಯ ಗ್ರಾಹಕ ಬಂಧುಗಳೇ ಅಂತೀರಿ. ಅದನ್ನ ಹೇಳಿ ಮುಗಿಸೂದ್ರಾಗ ಗಾಡಿ ಓಣಿ ದಾಟಿ ಹೋಗಿರ್ತೈತಿ. ಒಳಗ ರೊಟ್ಟಿ ಬಡಿಯಾಕಿಗೆ ಒಲಿ ಅನ್ನೂ ಮಾತು ಕೇಳೂದ ಯಾವಾಗ?"

ನನಗೆ ಸಿಟ್ಟು ಬಂತು. "ಹಂಗಾದ್ರ ನೀನಽ ಹೇಳು," ಎಂದೆ. ಹೇಳಲಿಕ್ಕಿಲ್ಲ ಎಂದುಕೊಂಡೇ ಅಂದಿದ್ದೆ. ಅವಳು ಕೈ ಒರೆಸಿಕೊಂಡು ಒಳಕೋಣೆಗೆ ನಡೆದಳು. ನಮ್ಮ ಹೊಲದ ಆ ವರ್ಷದ ಹತ್ತಿಯನ್ನು ಇನ್ನೂ ಮಾರಿರಲಿಲ್ಲ. ಮೂರೂ ಗೋಡೆಗೆ ತೊಲೆಯವರೆಗೆ ಒಟ್ಟಿತ್ತು. ಅವಳು ಆ ಹತ್ತಿಯ ನಡುವೆ ಕೂತು, ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು, ಪಕ್ಕದ ಮನೆಯವಳೊಡನೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದಳು:

"ಒಲಿ ಉರಿ ಸಣ್ಣ ಆಗೇತೇನ್ರಿ? ಕುಕ್ಕರ್ ಸೀಟಿ ಹೊಡಿಯಂಗಿಲ್ಲೇನ್ರಿ? ತಗೊಂಡ ಬರ್ರಿ, ಇಲ್ಲೇ ಮಾಡಿ ಕೊಡ್ತೀವಿ."

ಒಂದು ಸಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಹೇಳಿದಳು. ಅದನ್ನು ಗಾಡಿಗೆ ಹಾಕಿ ಕೇಳಿದೆ. ಹತ್ತಿ ಕೋಣೆಯ ಗುಂಯ್ ಸದ್ದನ್ನೆಲ್ಲ ನುಂಗಿತ್ತು. ಅವಳು ಎದುರಿಗೇ ನಿಂತು ಮಾತಾಡಿದಷ್ಟು ಚೊಕ್ಕ ದನಿ. ಅವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಬಂದ್ ಮಾಡ್ರಿ, ಮಂದಿ ಕೇಳ್ತಾರ," ಎಂದಳು.

ಶಲವಡಿಗೆ ಹೋದಾಗ ಅದೇ ಓಣಿಗೆ ಮೊದಲು ಹೋದೆ. ಆ ಮುದುಕಿ ಬಾಗಿಲಿಗೆ ಬಂದು, "ಈಗ ತಿಳೀತು ನೋಡು," ಎಂದಳು. ಅಕ್ಕ ಮನೆಗೆ ಬಂದಳಂತೆ. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ನಾಲ್ಕೈದು ಹೆಂಗಸರು ಕುಕ್ಕರು ಹಿಡಿದು ಹೊರಗೆ ಬಂದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು.

"ಮಾತಾಡಿದಾಕಿ ಎಲ್ಲಿ?"

"ಆಕಿ ಮನ್ಯಾಗ ಅದಾಳ್ರಿ."

"ಮತ್ತ ಬರ್ರಿ ಅಂತ ಕರದ್ಲಲ್ಲ? ಗಂಡಸರು ಹೊಲಕ್ಕ ಹೋಗ್ಯಾರ. ಅಡಿಗಿ ಮನ್ಯಾಗ ಒಲಿ ನೋಡಾಕ ಆಕಿನ್ನ ಕರಕೊಂಡ ಬಾ."

ಕುಕ್ಕರು ಕೊಟ್ಟರು, ಒಲೆ ತೋರಿಸಲಿಲ್ಲ. ಮುಂದಿನ ಹಳ್ಳಿಯಲ್ಲೂ ಇದೇ ಮಾತು. ಮನೆಗೆ ಬಂದು ಹೇಳಿದರೆ ಹೆಂಡತಿ ನಗಲಿಲ್ಲ. "ಬರ್ನರ್ ಬಿಚ್ಚೂದು ಹ್ಯಾಂಗ, ತೋರ್ಸ್ರಿ," ಎಂದಳು. ನಮ್ಮ ಮನೆಯ ಒಲೆಯನ್ನೇ ಎಂಟು ದಿನ ಬಿಚ್ಚಿ ಜೋಡಿಸಿದಳು.

ಈಗ ಮಂಗಳವಾರ, ಶುಕ್ರವಾರ ಅವಳು ನನ್ನ ಹಿಂದೆ ಗಾಡಿ ಮೇಲೆ ಬರುತ್ತಾಳೆ. ಮೊದಲ ದಿನ ಅವಳು ಒಂದು ಮನೆಯೊಳಗೆ ಹೋದವಳು ಅರ್ಧ ತಾಸು ಹೊರಗೆ ಬರಲಿಲ್ಲ. ಒಳಗಿನಿಂದ ನಗು, ಬಳೆ ಸದ್ದು, ನಟ್ಟು ಬಿಚ್ಚುವ ಪಾನಾ ಬಿದ್ದ ಸದ್ದು. ನಾನು ಓಣಿಯಲ್ಲಿ ಪೆಟ್ಟಿಗೆ ತೆರೆದೆ, ಮುಚ್ಚಿದೆ, ಬ್ರೇಕಿನ ವೈರು ಎಳೆದು ನೋಡಿದೆ. ಎದುರಿನ ಮನೆಯವನು, "ಕುಂಡ್ರ್ರಿ ಸಾವ್ಕಾರ, ಯಾಕ ಹಿಂಗ ತಿರಗ್ತೀರಿ," ಎಂದು ಕುರ್ಚಿ ಹಾಕಿದ. ಕೂತು ಎದ್ದೆ. ಅವಳು ಕಿಟಕಿಯಿಂದ ಮುಖ ಹಾಕಿದಳು.

"ಆ ಮೈಕ್ ಬಂದ್ ಮಾಡ್ರಿ. ಇಲ್ಲಿ ನಾವು ಮಾತಾಡೂದು ನಮಗ ಕೇಳವಲ್ದು."

ಬಂದ್ ಮಾಡಿದೆ. ಓಣಿ ಒಮ್ಮೆಲೇ ಸ್ತಬ್ಧವಾಯಿತು. ಕೈಗೆ ಏನೂ ಕೆಲಸವಿಲ್ಲದೆ, ಅವಳು ಹೊರಗೆ ಬರುವವರೆಗೆ ಗಾಡಿಗೆ ಒರಗಿ ನಿಂತೆ.