ಕವಣೆ ಕಲ್ಲಿಗೆ ಕಂಬಳಿ

ಒದ್ದೆ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ನನ್ನ ಹೊಸ ಕಂಬಳಿ ತೊಳೆದು, ಎರಡು ಕಂಬಗಳ ನಡುವೆ ಸುಕ್ಕಿಲ್ಲದಂತೆ ಎಳೆದು ಕಟ್ಟಿದೆ. ವಾಸನೆ ಮೂಗಿಗೆ ಬಡಿದದ್ದೇ ಯಲಬುರ್ಗಾ ಸೀಮೆಯ ನಮ್ಮ ಜೋಳದ ಹೊಲ ನೆನಪಾಯಿತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು.

ತೆನೆ ಹಾಲುಗಟ್ಟಿದಾಗ ಎಲ್ಲರೂ ಅಟ್ಟ ಏರಿ ಹಕ್ಕಿಗಳಿಗೆ ಕವಣೆ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಕಲ್ಲು ಎಲ್ಲಿಗೆ ಹೋಗುತ್ತದೆಂಬುದು ಹಕ್ಕಿಗಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಮ್ಮೆ ಅದು ಪಕ್ಕದ ಹೊಲದ ಗಂಗವ್ವ ಬೇವಿನ ಮರಕ್ಕೆ ಕಟ್ಟಿದ್ದ ಕೂಸಿನ ಜೋಲಿಯ ಪಕ್ಕದಲ್ಲೇ ಬಿತ್ತು. ಮನೆಯಲ್ಲಿ ಕೂಸು ನೋಡುವವರಿಲ್ಲ. ಹೊಲ ಬಿಟ್ಟರೆ ತೆನೆ ಉಳಿಯುವುದಿಲ್ಲ. ಆಕೆ ಕಲ್ಲನ್ನು ತಂದು ನನ್ನ ಕೈಗಿಟ್ಟಳು.

"ಯಣ್ಣಾ, ನಿನ್ನ ಕಲ್ಲು ಹಕ್ಕಿ ಒಂದ ಬಿಟ್ಟು ಎಲ್ಲಾರ್ನೂ ಹುಡುಕ್ಕೊಂಡು ಬರ್ತೈತಿ ನೋಡು."

ನಾನು ಕವಣೆ ಬಿಟ್ಟು ತಗಡಿನ ಡಬ್ಬಿ ಬಡಿಯತೊಡಗಿದೆ. ಉಳಿದವರ ಕವಣೆ ಬಿಡಿಸುವವರಾರು?

ಆಕೆಯ ಮಾವ ಭರಮಪ್ಪ ಕಂಬಳಿ ನೇಯುವವನು. ಎಳೆ ವಿರಳವಾದರೆ ಕಲ್ಲು ಎಳೆಗಳನ್ನು ಸರಿಸಿ ನುಗ್ಗುತ್ತದೆಂದು, ಜೋಲಿಗೆ ಮರೆ ಕಟ್ಟಲು ಒಂದು ಕಂಬಳಿಯನ್ನು ಒತ್ತಾಗಿ ನೇಯ್ದ. ಅದೂ ಸಾಲದೆಂದು ಹುಣಸೆ ಬೀಜದ ಗಂಜಿ ದಪ್ಪಗೆ ಬಳಿದು ಹಲಗೆಯಂತೆ ಒಣಗಿಸಿದ. ಜೋಲಿಯ ಮುಂದೆ ಗೂಟಗಳಿಗೆ ಬಿಗಿದು, ಕೂಸನ್ನು ದೂರ ಒಯ್ಯಿಸಿ, ಪರೀಕ್ಷೆಗೆ ನನ್ನನ್ನೇ ಕರೆದ. ದೂರದಿಂದಾದರೆ ನನ್ನ ಕಲ್ಲು ಕಂಬಳಿಗೂ ತಾಗದೆಂದು ಹತ್ತಿರವೇ ನಿಲ್ಲಿಸಿದ.

"ಜೋರ್ ಹೊಡಿ. ಕೂಸು ಮಲಗೂ ಜಾಗ ಐತಿ, ಮುಲಾಜ ನೋಡಬ್ಯಾಡ."

ಹೊಡೆದೆ. ಕಲ್ಲು ಕಂಬಳಿಯನ್ನು ತೂತು ಮಾಡಿ ಖಾಲಿ ಜೋಲಿಗೆ ಬಡಿಯಿತು. ಭರಮಪ್ಪ ತೂತಿನಲ್ಲಿ ಬೆರಳು ತೂರಿಸಿಕೊಂಡು ನಿಂತ.

ಗಂಗವ್ವ ಕಂಬಳಿಯನ್ನು ಹಳ್ಳಕ್ಕೊಯ್ದು, ಗಂಜಿಯೆಲ್ಲ ಹೋಗುವಂತೆ ತುಳಿದು ತೊಳೆದಳು. ಒಣಗಿದ ಮೇಲೆ ಎರಡು ಪದರ ಮಡಚಿ, ಹಗ್ಗದ ಮೇಲೆ ಸಡಿಲವಾಗಿ ಇಳಿಬಿಟ್ಟು, ಮತ್ತೆ ಹೊಡೆಯೆಂದಳು. ಕಂಬಳಿ ಹೊಟ್ಟೆ ಒಳಗೆಳೆದುಕೊಂಡಂತೆ ಹಿಂದೆ ಸರಿಯಿತು. ಕಲ್ಲು ಅದರ ಬುಡದಲ್ಲೇ ಬಿತ್ತು. ಐದು ಸಲ ಹೊಡೆದೆ. ಐದೂ ಅಲ್ಲೇ ಬಿದ್ದವು.

"ಬಿಗದ್ರ ಪೆಟ್ಟು ಬಿದ್ದ ಎಳಿ ಒಂದ ತಿಂತೈತ್ರಿ ಮಾವಾರ. ಸಡ್ಲ ಬಿಟ್ರ ಬಾಜೂದವೂ ಹಂಚ್ಕೋತಾವ."

"ಒತ್ತಿ ನೇದಾಂವ ನಾನ," ಎಂದ ಭರಮಪ್ಪ. "ಅದನ್ನೂ ಹೇಳವಾ."

ಗಂಗವ್ವ ನಗುತ್ತ ಕೂಸನ್ನು ಜೋಲಿಗೆ ಹಾಕಿದಳು.

ಎಷ್ಟೋ ವರ್ಷಗಳ ಮೇಲೆ ಪತ್ರಿಕಾ ಕಚೇರಿಯಲ್ಲಿ ಗುಂಡು ತಡೆಯುವ ಅಂಗಿಯ ಸುದ್ದಿ ತಿದ್ದುತ್ತಿದ್ದೆ. ಅದರೊಳಗಿರುವುದು ನೇಯ್ದ ಬಟ್ಟೆಯ ಪದರಗಳೆಂದು ತಿಳಿದಾಗ ಬೆರಗಾಗದವನು ನಾನೊಬ್ಬನೇ.

ಆ ಕೂಸಿಗೀಗ ಮೊಮ್ಮಕ್ಕಳು. ಈ ಕಂಬಳಿ ತಂದುಕೊಟ್ಟವಳು ಅವಳೇ. ತೊಳೆದರೆ ಬಿಗಿದು ಕಟ್ಟಬ್ಯಾಡ್ರಿ ಕಾಕಾ ಎಂದು ಎರಡು ಸಲ ಹೇಳಿ ಹೋಗಿದ್ದಳು.

ಇಷ್ಟು ಬರೆದು, ಎದ್ದು ಹೋಗಿ ಹಗ್ಗ ಸಡಿಲಿಸಿದೆ.