ನಾನು ನೆಟ್ಟಗೆ ಮಾಡಿದ ಬೇವಿನ ಗಿಡ

ಟೈಪ್‌ರೈಟರಿನ ರಿಬ್ಬನ್ ಬದಲಿಸಿದ ದಿನ ಬೆರಳಿಗೆ ಹತ್ತುವ ಮಸಿ ಸೋಪಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಹಳೆಯ ಬನಿಯನ್ನಿನ ತುಂಡಿನಿಂದ ಉಜ್ಜಬೇಕು. ಮಾನ್ವಿಯ ಒಂದು ಸರಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಹೀಗೆ ಉಜ್ಜಿಕೊಂಡವನು ನಾನು. ಮೆಟ್ರಿಕ್ ಮುಗಿಸಿ ಕುರ್ಚಿ ಹಿಡಿದವನಿಗೆ ಇದ್ದ ಹೆಮ್ಮೆ ಒಂದೇ: ನನ್ನ ಹಾಳೆಯ ಅಂಚು ಗೋಡೆ ಕಟ್ಟುವವನ ದಾರದಷ್ಟು ನೆಟ್ಟಗಿರುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ರಾಯಚೂರಿನ ಸ್ಟೇಷನ್ ರಸ್ತೆಗೆ ಕಂಪ್ಯೂಟರ್ ಕಲಿಸುವ ಅಂಗಡಿಯೊಂದು ಬಂತು. ಅದರ ಗಾಜಿಗೆ, ಯಂತ್ರವೇ ಮುದ್ರಿಸಿದ ಒಂದು ಎಲೆಯ ಚಿತ್ರ ಅಂಟಿಸಿದ್ದರು. ಎಲೆಯ ನರಗಳೆಲ್ಲ ಯಾವುದೋ ಇಂಗ್ಲಿಷ್ ಪದ್ಯದ ಸಾಲುಗಳು. ಜನ ಬಾಯಿ ತೆರೆದು ನೋಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯಿತು. ಇದೇನು ಮಹಾ, ಇದಕ್ಕಿಂತ ಚೆಲುವಾದದ್ದನ್ನು ಮಾನ್ವಿಯ ಹುಡುಗಿಯೊಬ್ಬಳು ಎಷ್ಟೋ ವರ್ಷ ಮೊದಲೇ ಮಾಡಿದ್ದಳು ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದರೆ ಎಲ್ಲಿದೆ ತೋರಿಸು ಎನ್ನುತ್ತಾರೆ. ಗೆಳೆಯರೇ, ಅದನ್ನು ಹರಿದವನು ನಾನೇ.

ಆಕೆ ಜುಬೇದಾ, ದೇವದುರ್ಗದ ಬಳೆ ವ್ಯಾಪಾರದ ಮನೆಯ ಮಗಳು, ನನ್ನ ಪಕ್ಕದ ಮೇಜಿನ ಕಿರಿಯ ಟೈಪಿಸ್ಟ್. ಮನೆಯಲ್ಲಿ ದಖನಿ ಉರ್ದು, ಮನಸ್ಸಿನಲ್ಲಿ ಕನ್ನಡ ಪದ್ಯ. ಊಟದ ಬಿಡುವಿನಲ್ಲಿ ತನ್ನದೇ ಪದ್ಯವೊಂದನ್ನು ಗಿಡದ ಆಕಾರದಲ್ಲಿ ಟೈಪು ಮಾಡುತ್ತಿದ್ದಳು. ರೋಲರನ್ನು ಕೂದಲೆಳೆಯಷ್ಟು ತಿರುಗಿಸಿ, ಹೊಡೆದ ಅಕ್ಷರದ ಮೇಲೆಯೇ ಮತ್ತೆ ಹೊಡೆದು ಬೊಡ್ಡೆಯನ್ನು ಕಪ್ಪಾಗಿಸುವಳು. ಒತ್ತಕ್ಷರಗಳನ್ನು ಎಲೆಗಳಂತೆ ಇಳಿಬಿಡುವಳು. ರಿಬ್ಬನ್ ಸವೆಯುತ್ತದೆಂದು ನನಗೆ ಸಿಡಿಮಿಡಿ.

“ಏನವ್ವಾ, ಇದು ಪದ್ಯಾನೋ ಗಿಡಾನೋ?”

“ಎರಡೂ ಹೌದ್ರಿ ಅಣ್ಣಾರ. ಓದಾಕ ಬರೋರಿಗೆ ಪದ್ಯ, ಬರಲಾರದೋರಿಗೆ ಗಿಡ. ನಮ್ಮ ಅಮ್ಮೀಗೆ ಕನ್ನಡ ಓದಾಕ ಬರಂಗಿಲ್ಲ. ದಿನಾ ಏನ್ ಗೀಚ್ತೀ ಅಂತ ಬೈತಾಳ. ನಮ್ಮ ಅಂಗಳದ ಬೇವಿನ ಗಿಡ ಕಂಡ್ರ ಆಕಿಗೆ ಗೊತ್ತಾಗ್ತದ.”

ರಾಯಚೂರಿನಲ್ಲಿ ಕೈಕೆಲಸದ ಪ್ರದರ್ಶನವಿತ್ತು. ಅಲ್ಲಿಗೆ ತಾಯಿಯನ್ನು ಕರೆಸುವುದೆಂದು ಮೂರು ವಾರ ದುಡಿದಳು. ಗಿಡ ಮುಗಿದ ದಿನ ನಮ್ಮ ಸಾಹೇಬರು ಅದನ್ನು ಬೆಳಕಿಗೆ ಹಿಡಿದು, “ಇಷ್ಟ್ ದಿನಕ್ಕ ಈ ಮಿಷನ್ನಿಗೆ ಜೀವ ಬಂತು ನೋಡ್ರಿ” ಎಂದರು, ನನ್ನೆದುರಿಗೇ. ನನ್ನ ಸಾವಿರಾರು ಹಾಳೆಗಳ ಕೆಳಗೆ ಸಹಿ ಹಾಕಿದ್ದ ಆ ಮನುಷ್ಯ ಒಂದನ್ನಾದರೂ ಹಾಗೆ ನೋಡಿರಲಿಲ್ಲ.

ಪ್ರತಿ ಶುಕ್ರವಾರ ಕಚೇರಿಯ ಟಪಾಲು ಹೊತ್ತು ರಾಯಚೂರಿಗೆ ಹೋಗುವವನು ನಾನು. ಜುಬೇದಾ ಹಾಳೆಯನ್ನು ನನ್ನ ಕೈಗಿಟ್ಟು, “ಮಡಚಬ್ಯಾಡ್ರಿ ಅಣ್ಣಾರ” ಎಂದಳು. ಮಡಚಲಿಲ್ಲ. ಆಕೆ ಮನೆಗೆ ಹೋದ ಮೇಲೆ ಪದ್ಯವನ್ನೆಲ್ಲ ಹೊಸ ಹಾಳೆಯಲ್ಲಿ, ಅಂಚು ಬಿಟ್ಟು, ನೇರ ಸಾಲುಗಳಲ್ಲಿ, ಒಂದೂ ತಪ್ಪಿಲ್ಲದೆ ಹೊಡೆದೆ. ಶುದ್ಧಪ್ರತಿ ತಾಳೆಯಾದೊಡನೆ ಕರಡನ್ನು ಅಡ್ಡಡ್ಡ ಹರಿಯಬೇಕು, ಎರಡು ಪ್ರತಿ ಉಳಿದು ಗೊಂದಲವಾಗಬಾರದು: ಇದು ನಮ್ಮ ಕಚೇರಿಯ ಪದ್ಧತಿ. ಪದ್ಧತಿಯಂತೆ ಹರಿದೆ. ಎಂಥ ನಿಷ್ಠಾವಂತ ನೌಕರ! ನಮ್ಮ ಸೀಮೆಯ ಕಾಲುವೆಯನ್ನು ನೆಟ್ಟಗೆ ತೋಡಬಹುದು, ಆದರೆ ಅದರ ನೀರು ಕುಡಿದ ಭತ್ತದ ತೆನೆ ಕಾಳು ತುಂಬಿದಾಗ ಬಾಗುತ್ತದೆ, ನೆಟ್ಟಗೆ ನಿಲ್ಲುವುದು ಜೊಳ್ಳು. ವಾರವಾರವೂ ಬಸ್ಸಿನ ಕಿಟಕಿಯಿಂದ ಕಂಡದ್ದೇ ಆದರೂ ಈ ಮೊಂಡು ತಲೆಗೆ ಅದು ಹೊಳೆಯಲಿಲ್ಲ.

ಶುಕ್ರವಾರ ಆ ಶುದ್ಧಪ್ರತಿಯನ್ನೇ ಪ್ರದರ್ಶನಕ್ಕೆ ಮುಟ್ಟಿಸಿದೆ. ಭಾನುವಾರ ನಾನೂ ಅಲ್ಲಿಗೆ ಹೋದೆ. ಯಾಕೆ ಹೋದೆನೆಂದು ಇಂದಿಗೂ ನನ್ನ ಮೇಲೆ ರೇಗುತ್ತೇನೆ. ಜುಬೇದಾಳ ತಾಯಿ ಗೋಡೆಯ ಹಾಳೆಗೆ ಮುಖವೊಡ್ಡಿ, ಮೇಲಿಂದ ಕೆಳಗೆ ಬೆರಳಾಡಿಸಿ, “ಝಾಡ್ ಕಾಂ ಹೈ ಬೇಟಿ?” ಎಂದಳು. ಗಿಡ ಎಲ್ಲಿದೆ ಮಗಳೇ? ಜುಬೇದಾ ತಿರುಗಿ ನನ್ನನ್ನು ನೋಡಿದಳು.

“ಸಾಲು ಸೊಟ್ಟ ಇದ್ವು ತಂಗಿ, ನೆಟ್ಟಗ ಮಾಡೀನಿ. ರೂಢಿ ನೋಡು,” ಎಂದೆ.

ಆಕೆ ತಾಯಿಯ ಕಡೆ ತಿರುಗಿ ದಖನಿಯಲ್ಲಿ, ನನಗೆ ತಿಳಿಯುವಂತೆಯೇ ಹೇಳಿದಳು: ಅಣ್ಣ ಒಳ್ಳೆಯದಾಗಲೆಂದೇ ಮಾಡಿದ್ದಾರೆ, ಅದು ಗಿಡವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಗೊತ್ತಿತ್ತು. ನನಗೆ ಹೇಳಿದ್ದವಳೇ ಆಕೆ. ತಾಯಿ ಮಾತ್ರ ಮಗಳ ಮಾತು ನಂಬಿ, ನನ್ನನ್ನು ಕನಿಕರದಿಂದ ನೋಡಿ, ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುಂದೆ ಹಿಡಿದಳು. ನಾನು ಕೈಚಾಚಿ ತೆಗೆದುಕೊಂಡೆ.