ಆಯುಧಪೂಜೆಗೆ ರಜೆ ಪಡೆಯದ ಬಾಟ್

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಕ್ರಿಪ್ಟೊ ವ್ಯಾಪಾರದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ನಾನು ಕಲಿತದ್ದು ಹೊಟ್ಟೆಕಿಚ್ಚಿನಿಂದ. ಒಂದು ರೂಪಾಯಿಯನ್ನೂ ಹಾಕದೆ ಇಷ್ಟು ಕಲಿತವನು ಮಧುಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಕಾರಣ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ ರಂಗನಾಥ. ಶಿರಾದಲ್ಲಿ ಕಡ್ಲೆಕಾಯಿ ಮಂಡಿ ಇಟ್ಟುಕೊಂಡಿದ್ದಾನೆ. ಒಂದು ದಿನ ನಮ್ಮ ಮನೆಯಲ್ಲಿ ಕಾಲು ಮಡಚಿ ಕೂತು, ತಾನು ಕಾಫಿ ಕುಡಿಯುವಾಗಲೂ ತನ್ನ ಫೋನು ದುಡಿಯುತ್ತಿರುತ್ತದೆ ಎಂದ. ಗ್ರಿಡ್ ಬಾಟ್ ಎನ್ನುವ ಸಾಫ್ಟ್‌ವೇರಂತೆ. ಕ್ರಿಪ್ಟೊ ನಾಣ್ಯಕ್ಕೆ ಮೇಲೊಂದು ಬೆಲೆ, ಕೆಳಗೊಂದು ಬೆಲೆ ಗೊತ್ತುಮಾಡಿ ನಡುವೆ ಮೆಟ್ಟಿಲು ಹಾಕಿಟ್ಟರೆ, ಬೆಲೆ ಇಳಿದಾಗ ತಾನೇ ಕೊಳ್ಳುತ್ತದೆ, ಏರಿದಾಗ ತಾನೇ ಮಾರುತ್ತದೆ. ನನ್ನ ಹೆಂಡತಿ ಅವನ ತಟ್ಟೆಗೆ ಇನ್ನೆರಡು ಚಕ್ಕುಲಿ ಹಾಕಿದಳು. ನನ್ನ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಎಲ್ಲರ ಮನೆಯ ದೋಸೆಯೂ ತೂತೇ ತಾನೆ? ಅವನ ದೋಸೆಯ ತೂತು ಹುಡುಕತೊಡಗಿದೆ. ಬೆಲೆ ಅಲ್ಲಲ್ಲೇ ತೂಗಾಡುತ್ತಿದ್ದರೆ ಮಾತ್ರ ಬಾಟ್‌ಗೆ ಸುಗ್ಗಿ. ಕೆಳಗಿನ ಗಡಿ ದಾಟಿ ಬಿದ್ದರೆ ಕೊಂಡದ್ದೆಲ್ಲ ಕೈಯಲ್ಲೇ ಕೊಳೆಯುತ್ತದೆ. ಮೆಟ್ಟಿಲು ತೀರಾ ಒತ್ತೊತ್ತಾಗಿದ್ದರೆ ಲಾಭವನ್ನು ಕಮಿಷನ್ನೇ ನುಂಗುತ್ತದೆ, ತೆರಿಗೆ ಬೇರೆ. ಬಾಟ್‌ಗೆ ನಮ್ಮ ಖಾತೆಯ ಕೀಲಿ ಕೊಡುವಾಗ ಕೊಳ್ಳುವ, ಮಾರುವ ಅಧಿಕಾರವಷ್ಟೇ ಕೊಡಬೇಕು, ಹಣ ಹೊರಗೆ ಸಾಗಿಸುವುದನ್ನಲ್ಲ. ಇಷ್ಟಕ್ಕಿಂತ ಇಳಿದರೆ ಮಾರಿ ನಿಲ್ಲಿಸಿಬಿಡು ಎಂಬ ಅಪ್ಪಣೆಯನ್ನು ಮೊದಲೇ ಕೊಟ್ಟಿಟ್ಟಿರಬೇಕು. ಇದಿಷ್ಟನ್ನೂ ರಂಗನಾಥನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಒಳ್ಳೆಯದಾಗಲಿ ಎಂದು ಹೇಳಿದೆನೋ, ಗಾಬರಿಯಾಗಲಿ ಎಂದೋ, ದೇವರಿಗೇ ಗೊತ್ತು. ಅವನು ಹೂಂ ಹೂಂ ಎಂದು ಫೋನಿಟ್ಟ.

ಆಯುಧಪೂಜೆಗೆ ಅವನ ಮಂಡಿಗೆ ಹೋಗಿದ್ದೆವು. ತಕ್ಕಡಿ, ಚೀಲ ಹೊಲಿಯುವ ದಬ್ಬಳ, ಎಲ್ಲಕ್ಕೂ ಕುಂಕುಮ. ಅವುಗಳ ಸಾಲಿನಲ್ಲಿ ಆಫ್ ಮಾಡಿದ ಫೋನೂ ಚೆಂಡುಹೂ ಮುಡಿದು ಕೂತಿತ್ತು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ ಎಂಬುದು ಅವರ ಮನೆಯ ಕಟ್ಟು. ದುಡಿದು ದಣಿದ ಬಾಟ್‌ಗೂ ಒಂದು ದಿನ ರಜೆ ಎಂದ ರಂಗನಾಥ. ನಾನು ತಡೆದೆ. ಬಾಟ್ ಫೋನಿನೊಳಗಿಲ್ಲ, ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತಿದೆ, ಅದನ್ನೇ ತೆರೆದು ನಿಲ್ಲಿಸದ ಹೊರತು ನಿಲ್ಲುವುದಿಲ್ಲ ಎಂದೆ. ನನ್ನ ಬಾಯಿಂದ ಕಲ್ಮಶವಿಲ್ಲದೆ ಬಂದ ಮಾತು ಅದೊಂದೇ, ನಂಬಿ.

"ಬುಡಿ ಅಣ್ಣ, ನಿಮ್ಗೆ ಹೊಟ್ಟೆಕಿಚ್ಚು" ಎಂದು ಎಲ್ಲರ ಮುಂದೆ ನಕ್ಕುಬಿಟ್ಟ. ಹೊಟ್ಟೆಕಿಚ್ಚಿದ್ದದ್ದೂ ನಿಜ, ಮಾತು ನಿಜವಾಗಿದ್ದದ್ದೂ ನಿಜ. ಆದರೆ ಎರಡನ್ನೂ ಒಟ್ಟಿಗೆ ನಂಬುವವರು ಯಾರು?

ಮಾರನೆಯ ದಿನ ಬನ್ನಿ ಮುಡಿದು ಬಂದು ಫೋನ್ ಆನ್ ಮಾಡಿದರೆ, ಬೆಲೆ ಗಡಿ ದಾಟಿ ನೆಲ ಕಚ್ಚಿತ್ತು. ಬಾಟ್ ಒಂದೊಂದು ಮೆಟ್ಟಿಲಿಗೂ ಕೊಂಡುಕೊಳ್ಳುತ್ತ ಇಳಿದಿತ್ತು. ನಿಲ್ಲಿಸು ಎಂಬ ಅಪ್ಪಣೆಯನ್ನು ಅವನು ಕೊಟ್ಟೇ ಇರಲಿಲ್ಲ.

ಮುಂದಿನ ಭಾನುವಾರ ಸಮಾಧಾನ ಹೇಳಲು ಶಿರಾಕ್ಕೆ ಹೊರಟೆವು. ಬಸ್ಸಿನಲ್ಲಿ ನನಗೆ ಒಳಗೊಳಗೇ ಹಬ್ಬ. ನೀವು ಹೇಳಿದ್ದೇ ಸರಿ ಎಂದು ಅವನು ನನ್ನ ಹೆಂಡತಿಯ ಎದುರು ಒಪ್ಪಿಕೊಳ್ಳುವುದನ್ನು ಕೇಳಬೇಕಿತ್ತು. ಒಪ್ಪಿಕೊಂಡ, ಮನಸಾರೆ ಒಪ್ಪಿಕೊಂಡ. ಆಮೇಲೆ ಮುದ್ದೆ, ಕೋಳಿಸಾರು ಉಂಡು ಚಾಪೆಯ ಮೇಲೆ ಬಿದ್ದವನೇ ಗೊರಕೆ ಹೊಡೆಯತೊಡಗಿದ.

ಪಕ್ಕದ ಚಾಪೆಯಲ್ಲಿ ನಾನು ಹೊರಳಾಡಿದೆ. ಬೆಲೆ ಮತ್ತೆ ಏರಿಬಿಟ್ಟರೆ? ಕಳೆದದ್ದೆಲ್ಲ ಇವನಿಗೆ ವಾಪಸು ಬಂದುಬಿಟ್ಟರೆ? ತಡೆಯಲಾರದೆ ಮೆಲ್ಲಗೆ ಫೋನ್ ತೆಗೆದು ಬೆಲೆ ನೋಡುತ್ತಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಹೆಂಡತಿ ನೋಡಿಬಿಟ್ಟಳು.

"ಕಳ್ಕೊಂಡೋನೇ ಹೆಂಗೆ ನಿದ್ದೆ ಹೊಡೀತಾವ್ನೆ ನೋಡ್ರಿ" ಎಂದಳು. "ನಿಮ್ದೇನ್ ಹೋಗೈತೆ?"